ಗೋಪಾಲಮ್ಮನ ಕೊಸರು

ಸೊಪ್ಪಿಗೆ ಎ.ಸಿ. ಬೇಕಿತ್ತು. ಗೋಪಾಲಮ್ಮನಿಗೆ ಬೇಕಿರಲಿಲ್ಲ. ಆದರೆ ಸೊಪ್ಪು ಇರುವಲ್ಲೇ ಅವಳೂ ಇರಬೇಕಾಗಿದ್ದರಿಂದ, ಅರವತ್ತಕ್ಕೆ ಹತ್ತಿರವಾದ ವಯಸ್ಸಿನಲ್ಲಿ ಅವಳಿಗೂ ಎ.ಸಿ. ಯೋಗ ಕೂಡಿಬಂತು. ಬೆಳಿಗ್ಗೆ ಕೂತರೆ ಮಧ್ಯಾಹ್ನದ ಹೊತ್ತಿಗೆ ಮೊಣಕಾಲು ಕಲ್ಲಾಗುತ್ತಿತ್ತು. ಬೆರಳ ತುದಿ ಬಿಳಚಿಕೊಂಡು, ರಬ್ಬರ್ ಬ್ಯಾಂಡು ಹಾಕಿದ್ದು ಕೊತ್ತಂಬರಿಗೋ ತನ್ನ ಬೆರಳಿಗೋ ಗೊತ್ತಾಗದಂತಾಗುತ್ತಿತ್ತು. ಸೀರೆಯ ಮೇಲೆ ಹಾಕಿಕೊಳ್ಳಲು ಮಗಳು ತನ್ನ ಗಂಡನ ಹಳೆಯ ಸ್ವೆಟರ್ ಕೊಟ್ಟಿದ್ದಳು. ಅದರ ಮೇಲೆ ಕಂಪನಿಯ ಹಸಿರು ಟೀ ಶರ್ಟು. ಬೆನ್ನ ಮೇಲೆ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು.

"ಏನಂತವ್ವ ಅದು?" ಎಂದು ಒಮ್ಮೆ ರುಖ್ಸಾರಳನ್ನು ಕೇಳಿದ್ದಳು. ರುಖ್ಸಾರ್ ಅದೇ ಸ್ಟೋರಿನಲ್ಲಿ ಸಾಮಾನು ಆರಿಸುವ ಹುಡುಗಿ, ಪಿ.ಯು.ಸಿ. ಮುಗಿಸಿದವಳು.

"ನಗ್ತಾ ಕೊಡ್ತೀವಿ ಅಂತ ಬರೆದೈತೆ ಅಮ್ಮಾ."

"ಯಾರು?"

"ನೀವೇ."

ಕೊಡಿಗೇಹಳ್ಳಿಯ ಆ ಸ್ಟೋರಿಗೆ ಬೋರ್ಡಿರಲಿಲ್ಲ. ಗಿರಾಕಿಗಳು ಕಾಲಿಡಬಾರದ ಅಂಗಡಿ ಅದು. ಒಳಗೆ ಸಾಲು ಸಾಲು ರ‍್ಯಾಕು, ಮೂಲೆಯಲ್ಲಿ ಗಾಜಿನ ಬಾಗಿಲಿನ ತಣ್ಣನೆಯ ರೂಮು, ಹೊರಗೆ ಬೈಕುಗಳ ಮೇಲೆ ಕಾದು ಕೂತ ಗಂಡಸರು. ಜನ ಮನೆಯಲ್ಲಿ ಕೂತು ಫೋನು ಒತ್ತುತ್ತಾರೆ. ಒಳಗಿನ ಹೆಂಗಸರು ಓಡಾಡಿ ಸಾಮಾನು ಆರಿಸಿ ಚೀಲಕ್ಕೆ ಹಾಕುತ್ತಾರೆ. ಹತ್ತು ನಿಮಿಷದಲ್ಲಿ ಅದು ಬಾಗಿಲಿಗೆ ಬರುತ್ತದೆ. ಕಂಪನಿಯ ಹೆಸರು ಇಲ್ಲಿ ಬೇಡ. ಊರಿನ ಅರ್ಧ ಗೋಡೆಗಳ ಮೇಲೆ ಅದೇ ಇದೆ.

ಕಟ್ಟಡ ರಾಮಕೃಷ್ಣಪ್ಪನವರದು. ನಾಲ್ಕು ಮಹಡಿ ಏಳುವ ಮುಂಚೆ ಅಲ್ಲಿ ಅವರ ಹೆಂಚಿನ ಮನೆಯಿತ್ತು. ಮನೆಗೆ ಜಗಲಿಯಿತ್ತು. ಜಗಲಿಯ ತುದಿಯಲ್ಲಿ ಗೋಣಿಚೀಲ ಹಾಸಿಕೊಂಡು ಗೋಪಾಲಮ್ಮನಿದ್ದಳು. ರಾಜಾನುಕುಂಟೆಯಿಂದ ಮೊದಲ ಬಸ್ಸಿಗೆ ಬರುತ್ತಿದ್ದ ದಂಟು, ಸಬ್ಬಸಿಗೆ, ಮೆಂತ್ಯ, ಕೊತ್ತಂಬರಿ. ಜಗಲಿಯ ಬಾಡಿಗೆಯೆಂದು ದಿನಾ ಒಂದು ಕಟ್ಟು ರಾಮಕೃಷ್ಣಪ್ಪನವರ ಅಡಿಗೆಮನೆಗೆ ಹೋಗುತ್ತಿತ್ತು. ಮನೆ ಕೆಡವುವಾಗ ಅವರು ಬಹಳ ನೊಂದುಕೊಂಡರು. "ಏನ್ಮಾಡೋದು ಗೋಪಾಲಮ್ಮ, ಕಾಲ ಬದ್ಲಾಯ್ತಲ್ಲ," ಎಂದರು. ಕಾಲ ಬದಲಾದ ಮೇಲೆ ಅವರಿಗೆ ನಾಲ್ಕು ಮಹಡಿಯ ಬಾಡಿಗೆ ಬಂತು. ಗೋಪಾಲಮ್ಮನಿಗೆ ಎದುರಿನ ಚರಂಡಿಯ ಚಪ್ಪಡಿ ಸಿಕ್ಕಿತು.

ಆನ್‌ಲೈನ್ ವ್ಯಾಪಾರವೆಂಬುದು ಗೋಪಾಲಮ್ಮನ ಬದುಕಿಗೆ ಮೊದಲು ಬಂದದ್ದು ರಟ್ಟಿನ ಡಬ್ಬಿಯಾಗಿ. ಸಹಕಾರನಗರದ ದೊಡ್ಡ ಮನೆಗಳವರು ಪುಸ್ತಕ ಹಿಡಿಸುವಷ್ಟು ಪುಟ್ಟ ಪುಟ್ಟ ಡಬ್ಬಿಗಳನ್ನು ಬೀದಿಗೆ ಎಸೆಯತೊಡಗಿದ್ದರು. ಅವುಗಳಿಂದ ಹೆಚ್ಚು ಪ್ರಯೋಜನವಿರಲಿಲ್ಲ. ನಿಂಬೆಹಣ್ಣು ಇಟ್ಟುಕೊಳ್ಳಬಹುದಿತ್ತು, ಅಷ್ಟೆ. ಆಮೇಲೆ ಫೋನಿನ ಡಬ್ಬಿ, ಚಪ್ಪಲಿಯ ಡಬ್ಬಿ, ಮಿಕ್ಸಿಯ ಡಬ್ಬಿ. ವರ್ಷ ಹೋದಂತೆ ಡಬ್ಬಿಗಳು ಬೆಳೆದವು. ಟಿ.ವಿ. ಬಂದ ರಟ್ಟನ್ನು ಬಿಚ್ಚಿ ಹಾಸಿದರೆ ಅವಳ ಇಡೀ ಅಂಗಡಿ ಅದರ ಮೇಲೆ ಆರಾಮವಾಗಿ ಕೂರುತ್ತಿತ್ತು. "ಯಾರೋ ಪುಣ್ಯಾತ್ಮರು ಕಂಡಿಡ್ದವ್ರೆ," ಎಂದು ಹರಸಿದಳು. ಫ್ಯಾನ್ಸಿ ಸ್ಟೋರಿನವನು ಶಟರ್ ಎಳೆದ, ಅವಳಿಗೆ ರಟ್ಟು ಸಿಕ್ಕಿತು. ಚಪ್ಪಲಿ ಅಂಗಡಿಯವನು ಊರು ಬಿಟ್ಟ, ಇನ್ನಷ್ಟು ರಟ್ಟು ಸಿಕ್ಕಿತು.

ಕೊರೋನಾ ಬಂದಾಗ ಜನ ಬಾಗಿಲು ಹಾಕಿಕೊಂಡು ಅಕ್ಕಿ ಬೇಳೆಯನ್ನೂ ಫೋನಿನಲ್ಲೇ ತರಿಸಿಕೊಂಡರು. ಕಾಯಿಲೆ ಹೋಯಿತು, ಚಟ ಉಳಿಯಿತು. ಆಂಜಿನಪ್ಪನ ದಿನಸಿ ಅಂಗಡಿ ಮುಚ್ಚಿತು. ಆಗಲೂ ಗೋಪಾಲಮ್ಮನಿಗೆ ಧೈರ್ಯವಿತ್ತು. ಸೊಪ್ಪು ಬಾಡುವ ಪದಾರ್ಥ. ಅದನ್ನು ಡಬ್ಬಿಗೆ ಹಾಕಿ ಊರೂರು ತಿರುಗಿಸುವುದು ಯಾವನಿಂದಾಗುತ್ತದೆ? ಹೀಗೆ ಅಂದುಕೊಂಡ ವರ್ಷವೇ ಬೀದಿಯಲ್ಲಿ ಡಬ್ಬಿಗಳು ಕಡಿಮೆಯಾಗಿ, ಕಂದು ಕಾಗದದ ಚೀಲಗಳು ಕಾಣತೊಡಗಿದವು. ಬಾಯಿ ತೆರೆದ ಚೀಲಗಳಿಂದ ಕೊತ್ತಂಬರಿ ಇಣುಕುತ್ತಿತ್ತು.

ಸ್ಟೋರಿನ ಮ್ಯಾನೇಜರ್ ಶಿವರಾಮ್ ಊರಿನ ಹುಡುಗನೇ. ಚಡ್ಡಿ ಹಾಕುವ ಕಾಲದಿಂದ ಗೋಪಾಲಮ್ಮ ನೋಡಿದವನು. ಒಂದು ದಿನ ಅವನೇ ಚರಂಡಿಯ ಹತ್ತಿರ ಬಂದ.

"ಗೋಪಾಲಮ್ಮಕ್ಕ, ಇಲ್ಲಿ ಕೂತು ನೊಣ ಓಡಿಸ್ತೀರಲ್ಲ, ಒಳಗೆ ಬನ್ನಿ. ಸೊಪ್ ಕಟ್ಟೋ ಕೆಲ್ಸ. ಬಿಸ್ಲಿಲ್ಲ, ಮಳೆ ಇಲ್ಲ, ಸಂಬ್ಳ ಬ್ಯಾಂಕಿಗೇ ಬೀಳುತ್ತೆ."

"ಗಿರಾಕಿ ಜೊತೆ ವಾದ ಮಾಡ್ಬೇಕಾಗಿಲ್ವಾ?"

"ಗಿರಾಕಿನೇ ಇರಲ್ಲ ಅಕ್ಕ."

ಅವಳಿಗೆ ಅದು ದೊಡ್ಡ ಸುಖವೆಂದೇ ಕಂಡಿತು. ಒಳಗೆ ಹೋಗಿ ಕೂತ ಮೇಲೆ ಗೊತ್ತಾಯಿತು, ತಣ್ಣನೆಯ ರೂಮು ಕಟ್ಟಿದ್ದು ಹಳೆಯ ಜಗಲಿಯ ತುದಿ ಇದ್ದ ಕಡೆಯೇ. ಅವಳು ತನ್ನ ಜಾಗಕ್ಕೇ ವಾಪಸ್ಸು ಬಂದಿದ್ದಳು. ನಡುವೆ ಒಂದು ಗೋಡೆ ಎದ್ದಿತ್ತು, ಗಿರಾಕಿಗಳು ಗೋಡೆಯ ಆಚೆಗಿದ್ದರು. ಅಷ್ಟೇ ವ್ಯತ್ಯಾಸ.

ಎದುರು ಮನೆಯ ಕುಬ್ರಾಗೆ ಈ ವ್ಯತ್ಯಾಸ ತಲೆಗೆ ಹತ್ತಲಿಲ್ಲ. ಜಗಲಿಯ ಕಾಲದಿಂದ ಗೋಪಾಲಮ್ಮನ ಹತ್ತಿರವೇ ಸೊಪ್ಪು ಕೊಂಡವಳು. ಒಂದು ಶುಕ್ರವಾರ ದುಪಟ್ಟಾ ತಲೆಗೆಳೆದುಕೊಂಡು ನೇರ ಶಟರಿನ ಹತ್ತಿರ ಬಂದು ನಿಂತಳು.

"ಏ ಗೋಪಾಲಮ್ಮ! ಒಂದು ಕಟ್ ಕೊತ್ಮೀರಿ ಕೊಡು. ಬಿರಿಯಾನಿ ಒಲೆ ಮೇಲೈತೆ."

ಶಿವರಾಮ್ ಓಡಿಬಂದ. "ಅಮ್ಮಾ, ಇಲ್ಲಿ ಕೊಡಂಗಿಲ್ಲ. ಆ್ಯಪಲ್ಲಿ ಹಾಕಿ."

"ಅವಳ ಕೈಯಾಗೇ ಐತಲ್ಲೋ!"

"ಕೈಯಲ್ಲಿದ್ರೆ ಆಗಲ್ಲಮ್ಮ. ಅಲ್ಲಿಂದ ಬರ್ಬೇಕು," ಎಂದು ಶಿವರಾಮ್ ಮೇಲೆ ತೋರಿಸಿದ.

ಕುಬ್ರಾ ಮೇಲೆ ನೋಡಿದಳು. ಫ್ಯಾನಿತ್ತು. "ಯಾ ಅಲ್ಲಾ," ಎಂದು ಮನೆಗೆ ಹೋಗಿ ಮೊಮ್ಮಗಳ ಕೈಯಲ್ಲಿ ಫೋನು ಒತ್ತಿಸಿದಳು. ಆರ್ಡರ್ ಎಲ್ಲೆಲ್ಲಿಗೋ ಹೋಗಿ ರುಖ್ಸಾರಳ ಕೈಯಲ್ಲಿದ್ದ ಪುಟ್ಟ ಮಿಷಿನ್ನಿನಲ್ಲಿ ಟಿಣ್ ಎಂದಿತು. ರುಖ್ಸಾರ್ ನಗುತ್ತ ಬಂದು ಕಟ್ಟು ತೆಗೆದುಕೊಂಡಳು. ಚೀಲ ಆಂಜಿನಪ್ಪನ ಕೈಗೆ ಹೋಯಿತು. ದಿನಸಿ ಅಂಗಡಿ ಮುಚ್ಚಿದ ಆಂಜಿನಪ್ಪ ಈಗ ಅದೇ ಕಂಪನಿಯ ರೈಡರ್. "ಮೊದ್ಲು ಜನ ಅಂಗ್ಡಿಗ್ ಬರೋರು, ಈಗ ಅಂಗ್ಡಿನೇ ಬೆನ್ನಿಗ್ ಕಟ್ಕೊಂಡು ಜನದತ್ರ ಹೋಗ್ತೀನಿ. ಪ್ರಮೋಷನ್ನು!" ಎನ್ನುತ್ತಿದ್ದ.

ರಸ್ತೆಯ ಮಧ್ಯೆ ಕಲ್ಲು ಕಟ್ಟಿದ್ದರು. ನಡೆದು ದಾಟಿದರೆ ಆಯಿತು, ಆದರೆ ಬೈಕು ಹೊರಡದೆ ಆ್ಯಪು ಒಪ್ಪುವುದಿಲ್ಲ. ಆಂಜಿನಪ್ಪ ರೈಲ್ವೆ ಗೇಟಿನ ತನಕ ಹೋಗಿ ತಿರುಗಿಸಿಕೊಂಡು ಬಂದ. ಕುಬ್ರಾ ಮೆಟ್ಟಿಲ ಮೇಲೆ ಕೂತು ಅವನು ಹೋಗುವುದನ್ನೂ ನೋಡಿದಳು, ಬರುವುದನ್ನೂ ನೋಡಿದಳು.

"ಏನ್ ಆಂಜಿನಪ್ಪ, ದಾರಿ ಸಿಗ್ಲಿಲ್ವಾ?"

"ಸಿಗ್ತು ಅಮ್ಮಾ. ಆ್ಯಪಿಗೆ ಸಿಗ್ಬೇಕಿತ್ತು."

ಚೀಲ ಬಿಚ್ಚಿದಾಗ ಒಳಗೆ ಒಂದು ಕಟ್ಟು ಕೊತ್ತಂಬರಿ, ಜೊತೆಗೆ ನಾಲ್ಕು ಎಸಳು ಕರಿಬೇವು ಮತ್ತು ಒಂದು ಹಿಡಿ ಪುದೀನ. ಕರಿಬೇವನ್ನಾಗಲಿ ಪುದೀನವನ್ನಾಗಲಿ ಯಾರೂ ಫೋನಿನಲ್ಲಿ ಒತ್ತಿರಲಿಲ್ಲ. ಕುಬ್ರಾ ಗೋಡೆಯ ಕಡೆ ನೋಡಿ ನಕ್ಕಳು.

ಗೋಪಾಲಮ್ಮ ಅದನ್ನು ಯೋಚಿಸಿ ಮಾಡಿದ್ದಲ್ಲ. ಕೈ ಮಾಡಿತ್ತು. ಕೊಸರಿಲ್ಲದೆ ವ್ಯಾಪಾರ ಮುಗಿಸುವುದೆಂದರೆ ಅವಳಿಗೆ 'ಬರ್ತೀನಿ' ಅನ್ನದೆ ನೆಂಟರ ಮನೆಯಿಂದ ಎದ್ದುಬಂದ ಹಾಗೆ. ಚೌಕಾಸಿ ಮಾಡಿ ಪ್ರಾಣ ತಿಂದ ಗಿರಾಕಿಗೂ ಕೊನೆಗೆ ಎರಡು ಎಸಳು ಹಾಕಿಯೇ ಕಳಿಸಿದವಳು. ಬೈದುಕೊಂಡಾದರೂ ಸರಿ, ಹಾಕುತ್ತಿದ್ದಳು.

ಕುಬ್ರಾಳ ಚೀಲಕ್ಕೆ ಶುರುವಾದದ್ದು ಎಲ್ಲರ ಚೀಲಕ್ಕೂ ಆಯಿತು. ಕಟ್ಟುವಾಗ ಉದುರಿದ, ಮುರಿದ ಎಸಳುಗಳು ಕಾಲ ಕೆಳಗೆ ಗುಡ್ಡೆಯಾಗುತ್ತಿದ್ದವು. ಸಂಜೆ ಅವೆಲ್ಲ ಕಸಕ್ಕೆ. ಮಾರಾಟವಾಗದೆ ಬಾಡಿದ ಕ್ರೇಟುಗಳೂ ಇಡಿಯಾಗಿ ಕಸಕ್ಕೆ. ಆ ಉದುರಿದ್ದನ್ನೇ ಆರಿಸಿ, ತೊಳೆದು, ಕಟ್ಟಿನ ನಡುವೆ ಸಿಕ್ಕಿಸುತ್ತಿದ್ದಳು. ಉದುರಿದ್ದು ಸಾಲದ ದಿನ ಒಳ್ಳೆಯದರಿಂದಲೂ ಎರಡು ಎಳೆಯುತ್ತಿದ್ದಳು. ಸುಳ್ಳು ಹೇಳಬಾರದು, ಎಳೆಯುತ್ತಿದ್ದಳು.

ಯುಗಾದಿ ಹತ್ತಿರ ಬಂದಿತ್ತು. ಆ ವಾರದಲ್ಲೇ ಶಿವರಾಮ್ ಅವಳನ್ನು ಗಾಜಿನ ಬಾಗಿಲಿನಿಂದ ಹೊರಗೆ ಕರೆದ. ಅವನ ಮುಖ ಹಾಲು ಒಡೆದಂತಿತ್ತು.

"ಗೋಪಾಲಮ್ಮಕ್ಕ, ಐದು ಸ್ಟಾರ್ ಬಂದಿದೆ."

"ಒಳ್ಳೇದಲ್ವೇನಪ್ಪಾ?"

"ಅಲ್ಲ."

ಅವನು ಫೋನು ನೋಡಿ ಓದಿದ. ಕುಬ್ರಾಳ ಮೊಮ್ಮಗಳು ಅಜ್ಜಿ ಹೇಳಿದ್ದನ್ನು ಹೇಳಿದಂತೆಯೇ ಬರೆದಿದ್ದಳು. ಸೊಪ್ಪು ಕಟ್ಟುವ ಅಮ್ಮ ಕೊಸರು ಹಾಕುತ್ತಾರೆ. ಅವರ ಕೈ ತಣ್ಣಗಿರಲಿ. ನಿಮ್ಮ ಬೇರೆ ಸ್ಟೋರಿನವರಿಗೂ ಸ್ವಲ್ಪ ಹೇಳಿಕೊಡಿ. ಕೆಳಗೆ ಇನ್ನೂ ಯಾರ್ಯಾರೋ ಹೌದು ಹೌದು ಎಂದಿದ್ದರು. ನಮಗೂ ಕರಿಬೇವು ಬಂತು, ನಮಗೂ ಬಂತು, ದಿನಾ ಕಳಿಸಿ.

"ಕೈ ತಣ್ಣಗೇ ಐತೆ ಬುಡು," ಎಂದು ಗೋಪಾಲಮ್ಮ ಬೆರಳು ಉಜ್ಜಿಕೊಂಡಳು. "ಅದ್ಕೇನೀಗ?"

"ಇದನ್ನ ಯಶವಂತಪುರ ಆಫೀಸಲ್ಲಿ ಮಹೇಂದ್ರ ಸರ್ ಓದಿದಾರೆ. ನಮ್ಮ ಸ್ಟೋರಲ್ಲಿ ಸೊಪ್ಪು ಯಾಕೆ ಶಾರ್ಟೇಜ್ ಬರ್ತಿದೆ ಅಂತ ಹುಡುಕ್ತಾ ಇದ್ರು. ಈಗ ಸಿಕ್ತು. ಪ್ರೂಫ್ ಸಮೇತ."

"ಶಾರ್ಟೇಜ್ ಅಂದ್ರೆ?"

"ಕಳ್ತನ ಅಂತ ಹಾಕಿದಾರೆ ಅಕ್ಕ." ಅವನು ಅವಳ ಮುಖ ನೋಡದೆ, ಅವಳ ಟೀ ಶರ್ಟು ನೋಡಿದ.

ಜಗಲಿಯಲ್ಲಿ ಕೂತಿದ್ದಾಗ ಜನ ಅವಳನ್ನು ಬಾಯಿಬಡುಕಿ ಎಂದಿದ್ದರು, ಗಯ್ಯಾಳಿ ಎಂದಿದ್ದರು. ಒಬ್ಬ ಪೊಲೀಸಿನವನು ಇನ್ನೂ ಕೆಟ್ಟದಾಗಿ ಅಂದಿದ್ದ. ಈ ಮಾತನ್ನು ಯಾರೂ ಅಂದಿರಲಿಲ್ಲ.

"ನಾನೆಲ್ ತಗಂಡೆ? ಕೊಟ್ಟೆ."

"ಕೊಡಕ್ಕೆ ಅದು ನಿಮ್ದಲ್ಲ."

"ಸಂಜೆ ಕಸದ ಗಾಡಿಗ್ ಸುರೀತೀರಲ್ಲ, ಆವಾಗ ಯಾರ್ದು?"

"ಆವಾಗ ವೇಸ್ಟು. ಸಿಸ್ಟಮ್‌ನಲ್ಲಿ ವೇಸ್ಟಿಗೆ ಕಾಲಮ್ ಇದೆ ಅಕ್ಕ. ಕೊಸರಿಗೆ ಇಲ್ಲ."

"ಶಿವಾ, ನಿಮ್ಮವ್ವ ಕೊಸರಿಲ್ದೆ ಯಾವತ್ತಾದ್ರೂ ಸೊಪ್ ತಗಂಡವ್ಳಾ, ಏಳು? ಕಟ್ ಮಡಿಲಿಗ್ ಆಕ್ಕಂಡ್ಮೇಲೂ ಕೈ ಚಾಚ್ಕಂಡ್ ಕೂತಿರೋಳು."

ಶಿವರಾಮನ ಕಿವಿ ಕೆಂಪಾಯಿತು. "ಅದು ಬೇರೆ ಅಕ್ಕ. ನೋಡಿ, ದಾರಿ ಇದೆ. ಸೈನ್ ಏನೂ ಬೇಡ. ಒಂದು ವಿಡಿಯೋ. ಕಂಪ್ನಿ ಮಾಲು ಪರ್ಮಿಷನ್ ಇಲ್ದೆ ತಗೊಂಡಿದೀನಿ, ತಪ್ಪಾಯ್ತು, ಇನ್ಮೇಲೆ ಮಾಡಲ್ಲ ಅಂತ ಹೇಳ್ಬಿಡಿ. ಅರ್ಧ ನಿಮಿಷ. ಕೆಲ್ಸ ಉಳಿಯುತ್ತೆ."

"ಏಳ್ದಿದ್ರೆ?"

"ಮುಖ ಬ್ಲಾಕ್ ಆಗುತ್ತೆ."

ಮುಖ ಬ್ಲಾಕ್ ಆಗುವುದೆಂದರೆ ಏನೆಂದು ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ದಿನಾ ಬೆಳಿಗ್ಗೆ ಬಾಗಿಲ ಪಕ್ಕದ ಮಿಷಿನ್ನಿಗೆ ಮುಖ ತೋರಿಸಿದರೆ ಮಾತ್ರ ಹಾಜರಿ. ಎಲ್ಲ ಕಂಪನಿಗಳ ಸ್ಟೋರಿಗೂ ಆಳು ಕಳಿಸುವುದು ಒಂದೇ ಏಜೆನ್ಸಿ. ಒಂದು ಕಡೆ ಕಳ್ಳಿ ಎಂದು ಬಿದ್ದರೆ ಹೆಬ್ಬಾಳವಿರಲಿ, ಯಲಹಂಕವಿರಲಿ, ಯಾವ ಮಿಷಿನ್ನೂ ಆ ಮುಖವನ್ನು ಒಳಗೆ ಬಿಡುವುದಿಲ್ಲ. ಹಾಗೆಂದು ಚರಂಡಿಯ ಚಪ್ಪಡಿಗೆ ವಾಪಸ್ಸು ಹೋಗೋಣವೆಂದರೆ ಅಲ್ಲೀಗ ರೈಡರ್‌ಗಳ ಬೈಕು. ಇರುವುದು ತಿಂಡ್ಲುವಿನಲ್ಲಿ ಮಗಳ ಮನೆ. ಅಳಿಯ ಕೆಟ್ಟವನಲ್ಲ. ಆದರೆ ಅವನ ಸ್ವೆಟರ್ ಹಾಕಿಕೊಳ್ಳುವುದು ಬೇರೆ, ಅವನ ಅನ್ನ ತಲೆ ತಗ್ಗಿಸಿ ಉಣ್ಣುವುದು ಬೇರೆ.

"ತೆಗಿಯಪ್ಪಾ ಫೋನು," ಎಂದಳು.

ಶಿವರಾಮ್ ನಿಟ್ಟುಸಿರು ಬಿಟ್ಟು ಫೋನು ಹಿಡಿದ. "ಹೂಂ ಅಕ್ಕ. ನಾನು, ಗೋಪಾಲಮ್ಮ..."

"ನಾನು, ಗೋಪಾಲಮ್ಮ."

"ಕಂಪ್ನಿ ಮಾಲು..."

"ಕಂಪ್ನಿ ಮಾಲು."

"ಪರ್ಮಿಷನ್ ಇಲ್ದೆ ತಗೊಂಡಿದೀನಿ."

ಬಾಯಿ ತೆರೆಯಿತು. ಮಾತು ಹೊರಡಲಿಲ್ಲ. ಫೋನಿನ ಗಾಜಿನಲ್ಲಿ ಸ್ವೆಟರಿನ ಮೇಲೆ ಹಸಿರು ಟೀ ಶರ್ಟು ಹಾಕಿದ ಒಬ್ಬ ಮುದುಕಿ ಅವಳನ್ನೇ ನೋಡುತ್ತಿದ್ದಳು. "ಆಗಲ್ಲ ಕಣಪ್ಪಾ," ಎಂದಳು ಗೋಪಾಲಮ್ಮ. "ನಾಲ್ಗೆ ತಿರುಗ್ತಿಲ್ಲ."

"ಪ್ರೊಸೀಜರ್ ಅಕ್ಕ! ನಂಗೇನ್ ಆಸೆನಾ?" ಅವನು ಫೋನು ಜೇಬಿಗಿಟ್ಟ. "ಹಬ್ಬದ ಹಿಂದಿನ ದಿನ ಸರ್ ಬರ್ತಾರೆ. ಅಷ್ಟರೊಳಗೆ ಯೋಚ್ನೆ ಮಾಡಿ. ಅಲ್ಲಿತಂಕ ಸೊಪ್ ಕಟ್ಟಿ. ಹಬ್ಬದ ಲೋಡಿಗೆ ಕೈ ಬೇಕು."

ಕಳ್ಳಿ ಎಂದು ಬರೆದ ಮೇಲೂ ಹಬ್ಬ ಮುಗಿಯುವ ತನಕ ಕೈ ಬೇಕಾಗಿತ್ತು. ಕಂಪನಿ ಅಷ್ಟು ಉದಾರವಾಗಿತ್ತು.

ಮಧ್ಯಾಹ್ನ ಊಟಕ್ಕೆ ಹೆಂಗಸರು ಹಿಂದಿನ ಶಟರಿನ ಹತ್ತಿರ ರಟ್ಟು ಹಾಸಿಕೊಂಡು ಕೂರುತ್ತಿದ್ದರು. ಆಂಜಿನಪ್ಪನೂ ಡಬ್ಬಿ ತಂದು ಮೆಟ್ಟಿಲ ಮೇಲೆ ಕೂತ. ರುಖ್ಸಾರ್ ಅನ್ನ ಮುಟ್ಟದೆ ಉರಿಯುತ್ತಿದ್ದಳು.

"ಹೇಳಕ್ ಹೋಗ್ಬೇಡಿ ಅಮ್ಮಾ. ಇವತ್ತು ನೀವು, ನಾಳೆ ನಾವು."

"ಏಳ್ದಿದ್ರೆ ನಾಳೆ ಗಂಟ ಕಾಯೋದೇ ಬ್ಯಾಡ," ಎಂದಳು ಗೋಪಾಲಮ್ಮ. ಅವಳು ಮುದ್ದೆ ಮುರಿದು ಸಾರಿಗೆ ಅದ್ದಿದಳು. ಬಾಯಿಗಿಡಲಿಲ್ಲ. "ಅಲ್ಲ ರುಕ್ಸಾರು, ಕೆಲ್ಸ ಮುಗ್ದು ಮಿಷಿನ್ಗೆ ಮೂತಿ ತೋರ್ಸಿದ್ಮೇಲೆ ನೀನು ನೆಲ ಒರೆಸ್ತೀಯಲ್ಲ. ಅದು ಯಾವ ಕಾಲಮ್ಮು?"

ರುಖ್ಸಾರ್ ನೋಡಿದಳು. "ಯಾವ್ದೂ ಇಲ್ಲ. ಶಿವಣ್ಣ ಒಂಚೂರ್ ಒರೆಸ್ಬಿಡು ಅಂತಾರೆ."

"ನಾನು ಬೆಳಗೆ ಲಾರಿ ಬಂದಾಗ ಮಿಷಿನ್ ಆನ್ ಆಗಕ್ ಮುಂಚೆನೇ ಕ್ರೇಟ್ ಇಳಿಸ್ತೀನಲ್ಲ?"

"ಅದ್ಕೂ ಇಲ್ಲ."

"ಅಂಗಾದ್ರೆ ಅದೂ ಕೊಸರೇ."

ಮೆಟ್ಟಿಲ ಮೇಲಿಂದ ಆಂಜಿನಪ್ಪ ತುತ್ತು ನುಂಗಿ ಹೇಳಿದ: "ಲಿಫ್ಟ್ ಕೆಟ್ಟಿದ್ರೆ ನಾನು ನೀರಿನ ಕ್ಯಾನ್ ನಾಲ್ಕ್ನೇ ಫ್ಲೋರಿಗ್ ಹೊರ್ತೀನಿ. ಆ್ಯಪಲ್ಲಿ ಗೇಟ್ ತಂಕ ಅಂತನೇ ಇರೋದು. ಥೂ, ನಾನೂ ಕೊಡ್ತಾ ಇದೀನಿ ಗುರು!"

"ನನ್ ಕೈ ಮಿಷಿನ್ ಚಾರ್ಜಿಂಗು ನಮ್ಮನೆ ಕರೆಂಟಲ್ಲಿ," ಎಂದಳು ರುಖ್ಸಾರ್. ಆಮೇಲೆ ಒಬ್ಬೊಬ್ಬಳಿಗೂ ಒಂದೊಂದು ನೆನಪಾಯಿತು. ಒಬ್ಬಳಿಗೆ ಮೂತ್ರಕ್ಕೆ ಹೋಗದೆ ಕಟ್ಟಿಕೊಂಡು ಓಡಾಡಿದ ಭಾನುವಾರಗಳು ನೆನಪಾದವು. ಅದನ್ನು ಹೇಳಿ ಅವಳೇ ನಕ್ಕಳು. ಎಲ್ಲರೂ ನಕ್ಕರು.

"ನಾನು ಗಿರಾಕಿಗ್ ಕೊಟ್ಟಿದ್ದು ಎಲ್ಡ್ ಎಸ್ಳು," ಎಂದಳು ಗೋಪಾಲಮ್ಮ. "ಅವ್ರು ಅದ್ಕೆ ಕಳ್ಳಿ ಅಂತಾರೆ. ನಾವು ಅವ್ರಿಗ್ ಕೊಟ್ಟಿದ್ದುನ್ನ ಈಸ್ಕಂಡವ್ರಲ್ಲ, ಅವ್ರುನ್ನ ಏನಂತಾರೆ?"

"ಸರ್ ಅಂತಾರೆ," ಎಂದ ಆಂಜಿನಪ್ಪ.

ಯಾರೂ ಭಾಷಣ ಮಾಡಲಿಲ್ಲ. ಯಾರಿಗೂ ಬರುತ್ತಿರಲಿಲ್ಲ. ಕೈ ತೊಳೆಯುವಾಗ ರುಖ್ಸಾರ್ ಹೇಳಿದ್ದಿಷ್ಟು: "ಹಬ್ಬದ ಹಿಂದಿನ ದಿನ ಯಾರೂ ರಜಾ ಹಾಕ್ಬೇಡಿ. ಎಲ್ಲಾ ಬನ್ನಿ. ಕಂಪ್ನಿ ಹೇಳಿದಷ್ಟು ಮಾಡೋಣ. ಕೊಸರು ಬೇಡ."

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಸೊಪ್ಪಿನ ಲಾರಿ ಬಂದಾಗ ಹೆಂಗಸರೆಲ್ಲ ಶಟರಿನ ಹೊರಗೆ ಸಾಲಾಗಿ ಕೂತಿದ್ದರು. ಮಾವಿನ ಎಲೆಯ ಮೂಟೆ, ಬೇವಿನ ಸೊಪ್ಪಿನ ಮೂಟೆ, ಕ್ರೇಟುಗಟ್ಟಲೆ ಕೊತ್ತಂಬರಿ ರಸ್ತೆಗೆ ಇಳಿಯಿತು.

"ಅಕ್ಕ, ಒಳಗ್ ಹಾಕಿ," ಎಂದ ಶಿವರಾಮ್.

"ಮಿಷಿನ್ ಇನ್ನೂ ಆನ್ ಆಗಿಲ್ಲಪ್ಪಾ."

"ಹಬ್ಬ ಅಕ್ಕ!"

"ಊಂ. ನಿಂಗೂ ಶುಭವಾಗ್ಲಿ."

ಮಿಷಿನ್ ಆನ್ ಆದ ಮೇಲೆ ಒಬ್ಬೊಬ್ಬರಾಗಿ ಮುಖ ತೋರಿಸಿ ಒಳಗೆ ಹೋದರು. ಆಮೇಲೆ ಕೆಲಸ ಶುರುವಾಯಿತು. ಗೋಡೆಯ ಮೇಲೆ ಕಂಪನಿಯೇ ಅಂಟಿಸಿದ ಕನ್ನಡದ ನಿಯಮಗಳ ಹಾಳೆಯಿತ್ತು. ಅಷ್ಟು ದಿನ ಯಾರೂ ಓದಿರಲಿಲ್ಲ, ಅಂಟಿಸಿದ ಶಿವರಾಮನೂ ಓದಿರಲಿಲ್ಲ. ಪ್ರತಿ ಕಟ್ಟನ್ನೂ ತಕ್ಕಡಿಯಲ್ಲಿ ತೂಗಬೇಕು. ತೂಕ ಹೆಚ್ಚು ಕಡಿಮೆಯಾದರೆ ಬಿಚ್ಚಿ ಸರಿಮಾಡಬೇಕು. ರ‍್ಯಾಕುಗಳ ನಡುವೆ ಓಡಬಾರದು.

ಯಾರೂ ಓಡಲಿಲ್ಲ. ಮಿಷಿನ್ನುಗಳು ಟಿಣ್ ಟಿಣ್ ಎನ್ನುತ್ತಿದ್ದವು. ರುಖ್ಸಾರ್ ಮದುವೆಮನೆಗೆ ಬಂದ ಬೀಗಿತ್ತಿಯ ಹಾಗೆ ನಡೆದಳು. ಗೋಪಾಲಮ್ಮ ಕಟ್ಟನ್ನು ತಕ್ಕಡಿಯ ಮೇಲಿಟ್ಟಳು. ನೂರು ಗ್ರಾಮಿಗೆ ನಾಲ್ಕು ಹೆಚ್ಚು. ಅವಳ ಕೈಯೇ ಹಾಗೆ, ಎಷ್ಟು ಹಿಡಿದರೂ ಹೆಚ್ಚೇ ಬರುತ್ತಿತ್ತು. ಬಿಚ್ಚಿದಳು, ಒಂದು ಎಸಳು ತೆಗೆದಳು. ಮೂರು ಕಡಿಮೆ. ಬೇರೆ ಎಸಳು ಹುಡುಕಿದಳು. ಒಂದು ಹೆಚ್ಚು. ಎಲೆಯೊಂದನ್ನು ಉಗುರಿನಿಂದ ಚಿವುಟಿದಳು.

ಮಧ್ಯಾಹ್ನ ಕಳೆಯುವ ಹೊತ್ತಿಗೆ ಹತ್ತು ನಿಮಿಷದ ಬೇವು ಒಂದು ಗಂಟೆಯದಾಯಿತು. ಹೊರಗೆ, ಕುಬ್ರಾಳ ಮನೆ ಮುಂದಿನ ಬೇವಿನ ಮರದ ನೆರಳಲ್ಲಿ, ಬೇವಿನ ಪ್ಯಾಕೆಟ್ಟು ಒಯ್ಯಬೇಕಾದ ರೈಡರ್‌ಗಳು ಕೂತು ಬೀಡಿ ಸೇದುತ್ತಿದ್ದರು. ಶಿವರಾಮನ ಫೋನಿಗೆ ಅವನ ಅವ್ವನೇ ಕರೆ ಮಾಡಿದಳು. ತೋರಣಕ್ಕೆ ಮಾವಿನ ಎಲೆ ಬಂದಿಲ್ಲವಂತೆ. "ಬರುತ್ತವ್ವ," ಎಂದು ಅವನು ಅಳುವ ದನಿಯಲ್ಲಿ ಹೇಳಿ, ಟೈ ತೆಗೆದು ತಾನೇ ಕಟ್ಟಲು ಕೂತ. ಅವನ ಕಟ್ಟು ಎತ್ತಿದರೆ ಉದುರಿತು.

"ಬೇರಿನ್ ಕಡೆ ಸಮ ಮಾಡ್ಕಳಪ್ಪ," ಎಂದಳು ಗೋಪಾಲಮ್ಮ. "ಆಮೇಲೆ ತೂಗು."

ಮಹೇಂದ್ರ ಸರ್ ಯಶವಂತಪುರದಿಂದ ಹೊರಟು ಬಹಳ ಹೊತ್ತಾಗಿತ್ತು. ಹೆಬ್ಬಾಳದ ಫ್ಲೈಓವರ್ ಅವರನ್ನೂ ಎಲ್ಲರ ಹಾಗೆಯೇ ಹಿಡಿದಿಟ್ಟುಕೊಂಡಿತ್ತು. ಇಳಿಬಿಸಿಲಿನಲ್ಲಿ ಬೆವರುತ್ತ ಒಳಗೆ ಬಂದರು.

"ಏನ್ರೀ ಇದು, ಸ್ಟ್ರೈಕಾ?"

"ಇಲ್ಲ ಸರ್, ಕೆಲ್ಸ," ಎಂದಳು ರುಖ್ಸಾರ್. "ಸರಿಯಾಗಿ ಮಾಡ್ತಾ ಇದೀವಿ."

"ನೀವು ಯಾವಳ್ರೀ... ಯಾರಮ್ಮ ಗೋಪಾಲಮ್ಮ? ನೀವಾ? ವಿಡಿಯೋ ಕೊಡ್ತೀರೋ, ಬ್ಲಾಕ್ ಮಾಡ್ಲೋ?"

"ಈಗ್ಲೇ ಮಾಡಿ ಸಾರ್. ಈ ಕಟ್ಟು ಕೆಳಗಾಕಿ ಓಗ್ತೀನಿ."

ಅಲ್ಲಿದ್ದ ಹೆಂಗಸರೆಲ್ಲ ಕೈಯಲ್ಲಿದ್ದ ಕಟ್ಟುಗಳನ್ನು ಕ್ರೇಟಿನ ಮೇಲಿಟ್ಟರು. ಯಾರೂ ಹೇಳಿಕೊಟ್ಟಿರಲಿಲ್ಲ. ಮಹೇಂದ್ರ ಸರ್ ಅದನ್ನು ನೋಡಿದರು, ಗೋಡೆಯ ಮೇಲಿನ ಸ್ಕ್ರೀನ್ ನೋಡಿದರು. ತಡವಾದ ಆರ್ಡರುಗಳಿಂದ ಸ್ಕ್ರೀನ್ ಮೇಲಿನಿಂದ ಕೆಳಗಿನ ತನಕ ಕೆಂಪಗಿತ್ತು. ಅವರ ಫೋನು ಕೈಯಲ್ಲೇ ನಡುಗತೊಡಗಿತು. ಅವರಿಗೂ ಮೇಲೊಬ್ಬ ಸರ್ ಇದ್ದರು.

"ಆಯ್ತು, ಆಯ್ತು. ಬ್ಲಾಕ್ ವಿಷ್ಯ ಆಮೇಲೆ. ಮೊದ್ಲು ಆರ್ಡರ್ ಹೋಗ್ಲಿ. ಈ ತೂಕ ಗೀಕ ಬಿಟ್ಹಾಕ್ರೀ! ಕೈಗೆ ಬಂದಷ್ಟು ತುಂಬಿ, ಕಳ್ಸಿ!"

"ಎಚ್ಚಾದ್ರೆ?" ಎಂದಳು ಗೋಪಾಲಮ್ಮ.

"ಹೆಚ್ಚಾದ್ರೆ ಆಗ್ಲಿ! ಎರಡು ಎಸ್ಳು ಹೆಚ್ಚಾದ್ರೆ ಯಾರಪ್ಪನ ಗಂಟು ಹೋಗುತ್ತೆ?"

ಶಿವರಾಮ್ ತಲೆ ಬಗ್ಗಿಸಿ ತನ್ನ ಸಡಿಲ ಕಟ್ಟನ್ನು ನೋಡಿಕೊಂಡ. ಗೋಪಾಲಮ್ಮ ಮೊಣಕಾಲಿಗೆ ಕೈಯೂರಿ ಎದ್ದಳು.

"ರುಕ್ಸಾರು, ಫೋನ್ ತೆಗಿಯವ್ವ."

ರುಖ್ಸಾರ್ ಫೋನು ತೆಗೆದು ಮಹೇಂದ್ರ ಸರ್ ಮುಖಕ್ಕೆ ಹಿಡಿದಳು.

"ಈಗ ಏಳಿದ್ರಲ್ಲ ಸಾರ್, ಅದ್ನೇ ಇದುನ್ ನೋಡ್ಕಂಡ್ ಒಂದ್ಸಲ ಏಳಿ. ಕೈಗ್ ಬಂದಷ್ಟು ಆಕಿ ಅಂತ. ಆಮೇಲೆ, ಗೋಪಾಲಮ್ಮ ಕೊಟ್ಟಿದ್ದು ಕಳ್ತನ ಅಲ್ಲ ಅಂತ. ಎಲ್ಡೇ ಮಾತು. ಅರ್ಧ ನಿಮ್ಸ."

"ಬ್ಲ್ಯಾಕ್‌ಮೇಲ್ ಮಾಡ್ತೀರೇನ್ರೀ?"

"ಅಲ್ಲ ಸರ್," ಎಂದಳು ರುಖ್ಸಾರ್. "ಪ್ರೊಸೀಜರ್."

ಹೊರಗೆ ಆಂಜಿನಪ್ಪ ಹಾರ್ನ್ ಒತ್ತಿದ. ಬೇವಿನ ಮರದ ಕೆಳಗಿನ ಬೈಕುಗಳೆಲ್ಲ ಒಂದರ ಹಿಂದೊಂದು ಹಾರ್ನ್ ಹೊಡೆಯತೊಡಗಿದವು. ಒಳಗೆ ಮಿಷಿನ್ನುಗಳು ಟಿಣ್‌ಗುಟ್ಟಿದವು. ಮಹೇಂದ್ರ ಸರ್ ಕ್ಯಾಮೆರಾ ಕಂಡ ಅಭ್ಯಾಸಕ್ಕೆ ಕೂದಲು ಸವರಿಕೊಂಡರು, ಗಂಟಲು ಸರಿಮಾಡಿಕೊಂಡರು. ಬಾಯಿ ತೆರೆದರು. ಮುಚ್ಚಿದರು.

ಗೋಪಾಲಮ್ಮ ಮತ್ತೆ ಕ್ರೇಟಿನ ಮೇಲೆ ಕೂತು, ಸೀರೆ ಮೊಣಕಾಲ ಮೇಲೆ ಸರಿಮಾಡಿಕೊಂಡಳು.

"ನಿಧಾನಕ್ಕೇ ಏಳಿ ಸಾರ್," ಎಂದಳು. "ನಮ್ಗೇನ್ ಅವಸ್ರ ಇಲ್ಲ."